ಪೋಸ್ಟ್‌ಮನ್ ಲಾಲಸಾಬನ ತಲೆ ಎಣಿಕೆ

ಹದಿನೆಂಟು ವರ್ಷ ಕೌಲ್ ಬಜಾರಿನ ಸಂದಿಗೊಂದಿಗಳಲ್ಲಿ ಕಾಗದ ಹಂಚಿ ಹಂಚಿ ಪೋಸ್ಟ್‌ಮನ್ ಲಾಲಸಾಬನ ಪಾದಗಳಲ್ಲಿ ಆಣಿ ಎದ್ದಿದ್ದವು. ತಾನು ಕಾಗದ ಹಂಚುವ ಬೀಟನ್ನು ಎರಡು ಭಾಗ ಮಾಡಿ ಇನ್ನೊಬ್ಬನನ್ನು ಕೊಡಿ ಎಂದು ಅವನು ಬೇಡಿಕೊಳ್ಳದ ಸಾಹೇಬರಿಲ್ಲ. ಕೊನೆಗೆ 1976ರಲ್ಲಿ ಹೊಸದಾಗಿ ಬಂದ ಸಾಹೇಬರು, "ಬಾಯಿಮಾತು ಬೇಡ. ಎಷ್ಟು ಮನೆ, ಎಷ್ಟು ಜನ, ಏನು ಸಂಪಾದನೆ, ಎಲ್ಲ ಬರೆದು ಮನೆಯವರ ಸಹಿ ಹಾಕಿಸಿಕೊಂಡು ಬಾ. ಜನ ಹೆಚ್ಚಿದ್ದರೆ ಇನ್ನೊಬ್ಬನನ್ನು ಕೊಡೋಣ" ಎಂದರು. ಲಾಲಸಾಬನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಆ ಓಣಿಗಳ ಲೆಕ್ಕವೆಲ್ಲ ಅವನ ನಾಲಗೆಯ ತುದಿಯಲ್ಲೇ ಇತ್ತು.

ಆದರೆ ಅದು ತುರ್ತು ಪರಿಸ್ಥಿತಿಯ ಕೆಟ್ಟ ಕಾಲ. ಮೂರು ಮಕ್ಕಳಿದ್ದವರನ್ನು ಜೀಪಿಗೆ ಹಾಕಿಕೊಂಡು ಹೋಗಿ ಮತ್ತೆ ಮಕ್ಕಳಾಗದಂತೆ ಆಪರೇಶನ್ ಮಾಡಿಸುತ್ತಾರೆ ಎಂಬ ಸುದ್ದಿ ಊರ ತುಂಬ ಹಬ್ಬಿತ್ತು. ಅಂಥ ಹೊತ್ತಿನಲ್ಲಿ ಖಾಕಿ ತೊಟ್ಟವನೊಬ್ಬ ಬಂದು ಎಷ್ಟು ಮಕ್ಕಳು ಎಂದು ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ?

ಮೊದಲು ಮುದುಕಿ ಜಂಬಮ್ಮನ ಮನೆ. ಬಾಗಿಲ ನಂಬರು ಒಂದೇ, ಒಳಗೆ ನಾಲ್ಕು ಒಲೆ, ಹತ್ತೊಂಬತ್ತು ಜನ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿಯುವ ಅವಳ ಮಗ ಕಳಿಸುವ ಮನಿಯಾರ್ಡರನ್ನು ತಿಂಗಳು ತಿಂಗಳು ಅವಳ ಕೈಗೆ ಕೊಡುತ್ತಿದ್ದವನು ಇದೇ ಲಾಲಸಾಬ.

"ಒಂದ ಒಲಿ, ಇಬ್ಬರು ಮಕ್ಳು. ದುಡಿಯಾವ್ರು ಯಾರೂ ಇಲ್ಲಪ್ಪ" ಎಂದಳು ಜಂಬಮ್ಮ.

"ಯಮ್ಮಾ, ಹೋದ ವಾರ ಮಗನ ರೊಕ್ಕ ತಂದು ಕೊಟ್ಟಾಂವ ನಾನ ಅಲ್ಲೇನು?"

"ಅದು ನಿನಗೂ ನನಗೂ ಗೊತ್ತಿದ್ರ ಸಾಕು. ಸರ್ಕಾರಕ್ಯಾಕ?" ಎಂದು ಹೆಬ್ಬೆಟ್ಟು ಒತ್ತಿಬಿಟ್ಟಳು. ಬಾಗಿಲ ಹಿಂದೆ ಮೊಮ್ಮಕ್ಕಳು ಕಿಸಕ್ಕನೆ ನಕ್ಕವು.

ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಬಡಿಯುವ ಹುಸೇನಬಾಷಾನಿಗೆ ಏಳು ಮಕ್ಕಳು. ಸುದ್ದಿ ಕೇಳಿದ್ದೇ ಐವರನ್ನು ಕುರುಗೋಡಿನ ಬಸ್ಸು ಹತ್ತಿಸಿ ಅತ್ತೆಯ ಮನೆಗೆ ಸಾಗಹಾಕಿದ್ದ. "ಮನ್ಯಾಗ ಇಲ್ಲದವ್ರನ್ನ ಹೆಂಗ ಬರೀತಿ ಮಾಮಾ?" ಎಂದು ಲಾಲಸಾಬನಿಗೇ ನ್ಯಾಯ ಹೇಳಿದ.

ಲಾಲಸಾಬನ ಪಿತ್ತ ನೆತ್ತಿಗೇರಿತು. ಓಣಿಯ ನಡುವೆ ನಿಂತು, "ಲೇ, ಕಾಗದ ತಡ ಆದ್ರ ನನ್ನ ಬೈಯಾಕ ಬಾಯಿ ಐತಿ, ಮಕ್ಳ ಲೆಕ್ಕ ಹೇಳಾಕ ಬಾಯಿಲ್ಲೇನು? ಹೆದರುಪುಕ್ಕರು!" ಎಂದು ಕೂಗಿದ. ಯಾರೂ ಜಗ್ಗಲಿಲ್ಲ. ಎಂಟು ದಿನ ತಿರುಗಿದ ಮೇಲೆ ಕೈಗೆ ಬಂದದ್ದು ಇಷ್ಟೇ: ಮನೆಗೆ ಎರಡೇ ಮಕ್ಕಳು, ಸಂಪಾದನೆ ಇಲ್ಲ.

ಸಾಹೇಬರು ಪಟ್ಟಿ ತಿರುವಿ ನೋಡಿದರು. "ಏನಯ್ಯಾ, ಇಲ್ಲಿ ಜನವೇ ಇಲ್ಲವಲ್ಲ! ನಿನಗೆ ಇನ್ನೆರಡು ಓಣಿ ಸೇರಿಸಬಹುದು."

"ಎಲ್ಲಾ ಸುಳ್ರಿ ಸಾಹೇಬ್ರ! ಆಪರೇಶನ್ನಿಗೆ ಹೆದ್ರಿ ಸುಳ್ಳು ಬರಿಸ್ಯಾರ. ಒಂದೊಂದು ಮನ್ಯಾಗ ಆರು, ಏಳು ಮಕ್ಳದಾವ."

"ನಿಜ ಹೇಳುವವನು ನೀನೊಬ್ಬನಾದರೂ ಸಿಕ್ಕೆಯಲ್ಲ" ಎಂದು ಸಾಹೇಬರು ಬೇರೊಂದು ಹಾಳೆ ಎಳೆದುಕೊಂಡರು. "ನೌಕರರ ಪಟ್ಟಿಯನ್ನೂ ಮೇಲಿನವರು ಕೇಳಿದ್ದಾರೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸೋಮವಾರ ಆಪರೇಶನ್ ಕ್ಯಾಂಪಿಗೆ ಹೋಗಬೇಕು. ನಿನಗೆಷ್ಟು?"

ಮನೆಯಲ್ಲಿ ಲಾಲಸಾಬನ ಹೆಂಡತಿ ಗುಲ್ಜಾರಬೀ ತಮ್ಮ ಐದು ಮಕ್ಕಳನ್ನು ಊಟಕ್ಕೆ ಕೂರಿಸುವ ಹೊತ್ತದು.

"ಎರಡ್ರಿ, ಸಾಹೇಬ್ರ."

ಸಾಹೇಬರು ಬರೆದುಕೊಂಡರು. ಓಣಿಯವರ ಸಹಿ ಬಿದ್ದ ಪಟ್ಟಿಯೇ ನಿಂತಿತು; ಮರುದಿನ ಅವನ ಚೀಲಕ್ಕೆ ಇನ್ನೆರಡು ಓಣಿಗಳ ಕಾಗದಗಳು ಸೇರಿದವು.