ಕಡಲುಗಳ್ಳರಿಗೆ ಅನ್ನ ಬಡಿಸಿದ ಹಡಗಣ್ಣ

ಹಡಗಣ್ಣನ ಎಡಗೈ ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಬಲಗೈಯಲ್ಲಿ ಸಾರಿನ ಸೌಟು ಇದ್ದರೆ ಎಡಗೈ ಕಂಬವನ್ನೋ, ಮೇಜಿನ ಅಂಚನ್ನೋ, ಅದೂ ಸಿಗದಿದ್ದರೆ ಉಣ್ಣಲು ಕೂತವರ ಹೆಗಲನ್ನೋ ಹಿಡಿದುಕೊಂಡಿರುತ್ತಿತ್ತು. ಕಾಲುಗಳನ್ನು ಅಗಲಿಸಿ, ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲುತ್ತಿದ್ದ, ದಾವಣಗೆರೆಯ ನೆಲ ಇನ್ನೇನು ಒಂದು ಕಡೆಗೆ ವಾಲಿಬಿಡುತ್ತದೆ ಎಂಬಂತೆ. ಹದಿನಾಲ್ಕು ವರ್ಷ ಸರಕಿನ ಹಡಗಿನಲ್ಲಿ ಅಡಿಗೆ ಮಾಡಿದ ಆಸಾಮಿ. ಹೊಸದಾಗಿ ಬಂದವರು ಹೆಗಲ ಮೇಲೆ ಕೈ ಬಿದ್ದಾಗ ಇದೇನು ಸಲಿಗೆ ಎಂದು ತಿರುಗಿ ನೋಡುತ್ತಿದ್ದರು. ಎರಡನೆಯ ದಿನಕ್ಕೆ ಅವರಿಗೂ ಅಭ್ಯಾಸವಾಗುತ್ತಿತ್ತು.

ರೈಲ್ವೆ ಗೇಟಿನ ಹತ್ತಿರ ಅವನ ಖಾನಾವಳಿ. ಬಡಗಿಗೆ ಹೇಳಿ ಎಲ್ಲ ಮೇಜುಗಳ ಸುತ್ತ ಎರಡು ಬೆರಳು ಎತ್ತರದ ಪಟ್ಟಿ ಹೊಡೆಸಿದ್ದ, ತಟ್ಟೆ ಜಾರಿ ಬೀಳದಿರಲಿ ಎಂದು. ದಾವಣಗೆರೆಯಲ್ಲಿ ತಟ್ಟೆ ತಾನಾಗಿ ಜಾರುವುದಿಲ್ಲ. ಆದರೆ ಚೆಲ್ಲಿದ ಸಾರು ಕೆಳಗೆ ಹರಿಯಲು ದಾರಿಯಿಲ್ಲದೆ ಮೇಜಿನ ಮೇಲೆ ಕೆರೆಯಾಗಿ ನಿಲ್ಲುತ್ತಿತ್ತು. ಮಿಲ್ಲಿನ ಕೆಲಸಗಾರರು ಮೊಣಕೈ ಒದ್ದೆ ಮಾಡಿಕೊಂಡು ಬೈಯುತ್ತಿದ್ದರು, ಬೈಯುತ್ತಲೇ ಮರುದಿನವೂ ಬರುತ್ತಿದ್ದರು. ಅವನ ಹೆಂಡತಿ ಬಡಿಯುವ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬೇರೆ ಕಡೆ ಹೋಗಗೊಡುತ್ತಿರಲಿಲ್ಲ. ಅಲ್ಲಿ ಒಂದೇ ಕಟ್ಟಳೆ ಇತ್ತು. ಉಣ್ಣಲು ಬಂದವನನ್ನು ಯಾರು, ಯಾವ ಊರು, ಯಾರ ಪೈಕಿ ಎಂದು ಕೇಳಬಾರದು. ಪಕ್ಕದಲ್ಲಿ ಕೂತವನು ಕೇಳಹೊರಟರೆ ಹಡಗಣ್ಣ ಸೌಟು ಅಡ್ಡ ಹಿಡಿದು, "ಉಂಡ ಮ್ಯಾಲೆ ಮಾತು" ಎನ್ನುತ್ತಿದ್ದ.

ನಾನಾಗ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ, ಎರಡು ಹೊತ್ತೂ ಅಲ್ಲೇ ಊಟ. ಮಹಾಸಾಗರಗಳ ಪಾಠ ಮಾಡುವ ನಾನು ಕಣ್ಣಾರೆ ಕಂಡ ಅತಿ ದೊಡ್ಡ ನೀರೆಂದರೆ ಹರಿಹರದಲ್ಲಿ ತುಂಬಿ ಹರಿಯುವ ತುಂಗಭದ್ರೆ, ಅದೂ ರೈಲಿನ ಕಿಟಕಿಯಿಂದ. ಹೀಗಾಗಿ ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ ನಕ್ಷೆ ಹಿಡಿದು ಹಡಗಣ್ಣನ ಮುಂದೆ ಕೂರುತ್ತಿದ್ದೆ. ಅವನಿಗೆ ನಕ್ಷೆ ಓದಲು ಬಾರದು. ಆದರೆ ಯಾವ ಬಂದರಿನ ಈರುಳ್ಳಿ ಬೇಗ ಕೊಳೆಯುತ್ತದೆ, ಯಾವ ಕಡಲಿನಲ್ಲಿ ಅನ್ನದ ಪಾತ್ರೆಯನ್ನು ಸರಪಳಿಯಿಂದ ಕಟ್ಟಬೇಕು ಎಂಬುದೆಲ್ಲ ಬಾಯಿಪಾಠ. ನನ್ನ ಹಿಂದೂ ಮಹಾಸಾಗರದ ಪಾಠಕ್ಕೆ ಒಳ್ಳೆಯ ಹೆಸರು ಬಂದದ್ದು ಆ ಈರುಳ್ಳಿಯಿಂದ.

ಹಾಗೆ ಕೂತಿದ್ದಾಗಲೇ ಒಂದು ದಿನ ಅವನು ಕಡಲುಗಳ್ಳರ ವಿಷಯ ಹೇಳಿದ. ಸಿಂಗಾಪುರ ದಾಟಿ ಒಂದು ಸಣ್ಣ ಬಂದರಿನ ಹೊರಗೆ ಹಡಗು ಲಂಗರು ಹಾಕಿ ಸರದಿಗೆ ಕಾದಿತ್ತಂತೆ. ಬೆಳಕು ಹರಿಯುವ ಹೊತ್ತಿಗೆ ಏಳು ಮಂದಿ ಸಣ್ಣ ದೋಣಿಯಲ್ಲಿ ಹಿಂಬದಿಗೆ ಬಂದು, ಕೊಕ್ಕೆ ಕಟ್ಟಿದ ಹಗ್ಗ ಎಸೆದು ಮೇಲೇರಿದರು. ಕಾವಲಿನವನನ್ನು ಕಟ್ಟಿಹಾಕಿದರು, ಕಪ್ತಾನ ತನ್ನ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡ. ಹೊಸ ಹಗ್ಗದ ಸುರುಳಿಗಳು, ಬಣ್ಣದ ಡಬ್ಬಿಗಳು, ಹಡಗಿನ ರೇಡಿಯೋ ಎಲ್ಲ ಗುಡ್ಡೆ ಹಾಕಿದರು. ಆಮೇಲೆ ಅಡಿಗೆಮನೆಗೆ ನುಗ್ಗಿದರು. ಹಡಗಣ್ಣ ಬೆಳಗಿನ ಪಾಳಿಯವರಿಗೆ ಅನ್ನ, ಬೇಳೆ ಇಳಿಸುತ್ತಿದ್ದ. ಚಾಕು ತೋರಿಸಿದರು. "ಚಾಕು ನನ್ನ ಕಡಿಗಿತ್ತು ಮೇಷ್ಟ್ರೇ, ಕಣ್ಣು ಮಾತ್ರ ಪಾತ್ರೆ ಕಡಿಗಿತ್ತು" ಎಂದ. ತಟ್ಟೆ ತೆಗೆದು ಬಡಿಸಿದ. ಏಳು ಮಂದಿಯೂ ಸಾಲಾಗಿ ಕೂತು ಉಂಡು, ಕೈ ತೊಳೆದು, ಮಾಲು ಇಳಿಸಿಕೊಂಡು ಹೋದರು. ಮುಗಿಯಿತು.

ನನಗೆ ಇದು ಸಾಲಲಿಲ್ಲ. ಕಡಲುಗಳ್ಳರು ಬಂದರು, ಉಂಡರು, ಹೋದರು ಎಂದರೆ ಅದು ಬೀಗರೂಟವಾಗುತ್ತದೆಯೇ ಹೊರತು ಕತೆಯಾಗುವುದಿಲ್ಲ. ಮರುದಿನ ಕೊನೆಯ ಪಿರಿಯಡ್ಡು, ಒಂಬತ್ತನೆಯ ಕ್ಲಾಸು. ಹೊರಗೆ ಬಿಸಿಲು, ಒಳಗೆ ನಲವತ್ತು ಆಕಳಿಕೆ. ಮಲಕ್ಕಾ ಜಲಸಂಧಿಗೆ ಬರುವಷ್ಟರಲ್ಲಿ ಹಿಂದಿನ ಬೆಂಚು ಪೂರ್ತಿ ನಿದ್ದೆಹೋಗಿತ್ತು. ಆಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಏಳು ಮಂದಿ ಮೂವತ್ತಾದರು. ಸೌಟು ಕತ್ತಿಯಾಯಿತು. ಹಡಗಣ್ಣ ಕುದಿಯುವ ಗಂಜಿ ಎರಚಿ ಹತ್ತು ಮಂದಿಯನ್ನು ಸಮುದ್ರಕ್ಕೆ ಕೆಡವಿದ, ಉಳಿದವರನ್ನು ಕೊಚ್ಚಿದ, ಅವರ ದೋಣಿಯಲ್ಲಿದ್ದ ಚಿನ್ನದ ಪೆಟ್ಟಿಗೆ ಅವನ ಪಾಲಾಯಿತು. ಗಂಟೆ ಹೊಡೆದರೂ ಒಬ್ಬನೂ ಮೇಲೇಳಲಿಲ್ಲ. ಮಾಸ್ತರನಾದವನಿಗೆ ಇದಕ್ಕಿಂತ ದೊಡ್ಡ ಸುಖ ಇಲ್ಲ, ಒಪ್ಪಿಕೊಳ್ಳುತ್ತೇನೆ.

ನಲವತ್ತು ಹುಡುಗರೆಂದರೆ ನಲವತ್ತು ಮನೆ. ವಾರದೊಳಗೆ ಕತೆ ಮಿಲ್ಲಿನ ಗೇಟು ಮುಟ್ಟಿತು. ಅಲ್ಲಿ ಚಿನ್ನದ ಪೆಟ್ಟಿಗೆ ಮೂರಾಯಿತು, ಖಾನಾವಳಿಗೆ ಹಾಕಿದ ಬಂಡವಾಳ ಯಾವುದೆಂದು ಎಲ್ಲರಿಗೂ ತಟ್ಟನೆ ಹೊಳೆಯಿತು. ಶಾಮನೂರಿನ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಅವನನ್ನು ನೋಡಲೆಂದೇ ಜನ ಊಟಕ್ಕೆ ಬಂದರು. ಮಾತು ಹರಿಹರಕ್ಕೆ ಹೋಗಿ ಹೊಳೆ ದಾಟುವ ಹೊತ್ತಿಗೆ, ಕಡಲುಗಳ್ಳರನ್ನು ಹೊಡೆದವನು ಅವರ ನಾಯಕನೇ ಆಗಿದ್ದ. ಸಮುದ್ರವಿಲ್ಲದ ಸೀಮೆ. ಕಡಲುಗಳ್ಳನಿಗೂ ಅವನ ಕೈಗೆ ಸಿಕ್ಕಿದವನಿಗೂ ಇರುವ ವ್ಯತ್ಯಾಸ ನೋಡಿಕೊಂಡು ಮಾತಾಡಲು ಯಾರಿಗೆ ಪುರಸೊತ್ತು?

ನಗುತ್ತಲೇ ಇದ್ದೆ, ಒಂದು ಸಂಜೆ ಹಡಗಣ್ಣನ ಮಗಳು ರೊಟ್ಟಿ ತಂದು ತಟ್ಟೆಗೆ ಕುಕ್ಕುವ ತನಕ. ಅವಳಿಗೆ ಗುತ್ತೂರಿನ ಒಂದು ಮನೆಯಿಂದ ಸಂಬಂಧ ಕೂಡಿಬಂದಿತ್ತು. ಹುಡುಗ ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್, ಅಪ್ಪ ಹೊಲಮನೆ ಇದ್ದ ಗೌಡರು. ಬಂದು ನೋಡಿ ಹೋಗಿದ್ದ ಹುಡುಗ ಅವಳಿಗೂ ಒಪ್ಪಿಗೆಯಾಗಿದ್ದ. ನಮ್ಮ ಕಡೆ ಮಾತು ಮುಗಿಸುವ ಮುಂಚೆ ಬೀಗರಾಗುವವರು ಸದ್ದಿಲ್ಲದೆ ವಿಚಾರಣೆ ಮಾಡುವುದು ಪದ್ಧತಿ, ಗೌಡರೂ ಮಾಡಿಸಿದ್ದರು. ಆ ದಿನ ಹೇಳಿಕಳಿಸಿದ್ದರು, ಕಡಲಾಗೆ ದರೋಡೆ ಮಾಡಿದ ಮನೆತನದ ಹೆಣ್ಣು ನಮಗೆ ಬ್ಯಾಡ ಎಂದು.

"ನಮ್ಮಪ್ಪ ಯಾವಾಗ ಕತ್ತಿ ಹಿಡಿದಿದ್ದ ಮೇಷ್ಟ್ರೇ?" ಎಂದಳು ಅವಳು. "ನಮ್ಮ ಮನ್ಯಾಗೆ ಬದನೆಕಾಯಿ ಸೈತ ಹೆಚ್ಚೋದು ನಮ್ಮವ್ವ."

ಅವಳ ಕಣ್ಣು ಕೆಂಪಗಿತ್ತು. ಹಡಗಣ್ಣ ಕಂಬ ಹಿಡಿದು ಎಂದಿನಂತೆ ನನ್ನ ತಟ್ಟೆಗೆ ಸಾರು ಬಡಿಸಿದ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಭಾನುವಾರ ಗುತ್ತೂರಿಗೆ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆ, ನೀವೂ ಬನ್ನಿ ಎಂದೆ. ಅವನಿಗೆ ಮನಸ್ಸಿರಲಿಲ್ಲ. ಮಗಳೇ ಒಳಗಿನಿಂದ ಒಂದು ತಗಡಿನ ಡಬ್ಬಿ ತಂದು ಅವನ ಕೈಗಿಟ್ಟಳು. ಅದರಲ್ಲಿ ಹಡಗಿನ ಕಾಗದ ಇದೆ, ಅದನ್ನಾದರೂ ತೋರಿಸಿ ಬಾ ಎಂದಳು. ಹಡಗಣ್ಣ ಡಬ್ಬಿಯನ್ನು ಬಹಳ ಹೊತ್ತು ನೋಡಿ, ಆಯಿತು ಎಂದ.

ಹರಿಹರದ ತನಕ ಬಸ್ಸು, ಅಲ್ಲಿಂದ ನಡಿಗೆ. ಬಸ್ಸಿನಲ್ಲಿ ಅಭ್ಯಾಸಬಲದಿಂದ ಅವನು ಮುಂದಿನ ಸೀಟಿನವನ ಹೆಗಲು ಹಿಡಿದು ಬೈಸಿಕೊಂಡ. ಗುತ್ತೂರಿನಲ್ಲಿ ಗೌಡರು ಜಗಲಿಯ ಮೇಲೆ ಕೂತಿದ್ದರು. ಮುಖ ನೋಡಿದಾಗ ನನಗೆ ಎಲ್ಲೋ ಕಂಡಂತಾಯಿತು. ನಾನು ನಿಂತೇ ನನ್ನ ಪಾಪವನ್ನೆಲ್ಲ ಕಕ್ಕಿದೆ: ಕತ್ತಿ ನನ್ನದು, ಗಂಜಿ ನನ್ನದು, ಚಿನ್ನದ ಪೆಟ್ಟಿಗೆಯೂ ನನ್ನದೇ.

ಗೌಡರು ತಣ್ಣಗೆ ಕೇಳಿದರು. "ಹಂಗಾರೆ ಕಡಲುಗಳ್ಳರಾದ್ರೂ ಖರೆನಾ, ಅದೂ ನಿಮ್ಮದೇನಾ?"

ಕಳ್ಳರು ನಿಜ ಎಂದೆ. ಪುರಾವೆ ಕೇಳಿದರು. ಹಡಗಣ್ಣ ಡಬ್ಬಿ ತೆರೆದು, ಮಡಿಕೆ ಸವೆದ ಒಂದು ಇಂಗ್ಲಿಷ್ ಕಾಗದ ತೆಗೆದುಕೊಟ್ಟ. ಗೌಡರು ಅದನ್ನು ನನ್ನ ಕಡೆಗೆ ಸರಿಸಿದರು.

"ನೀವೇ ಓದ್ರಿ. ಇದಕ್ಕೇನೂ ಸೇರಿಸಬ್ಯಾಡ್ರಿ."

ಕಣ್ಣಾಡಿಸಿದೆ. ಕಪ್ತಾನ ಬರೆದದ್ದು. ಶಸ್ತ್ರ ಹಿಡಿದು ಹಡಗು ಹತ್ತಿದ ಕಳ್ಳರಿಗೆ ಈ ಅಡಿಗೆಯವನು ಪ್ರತಿಭಟಿಸದೆ ಊಟ ಬಡಿಸಿದ್ದಾನೆ. ಇವನಿಗೂ ಅವರಿಗೂ ಒಳಸಂಬಂಧ ಇತ್ತೋ ಇಲ್ಲವೋ ಹೇಳಲಾರೆ. ಇನ್ನು ಯಾವ ಹಡಗಿಗೂ ಇವನನ್ನು ಶಿಫಾರಸು ಮಾಡುವುದಿಲ್ಲ. ಇಷ್ಟು. ಹಡಗಣ್ಣ ಸಮುದ್ರ ಬಿಟ್ಟುಬಂದದ್ದು ಊರಿನ ಮೋಹದಿಂದ ಎಂದೇ ನಾವೆಲ್ಲ ತಿಳಿದಿದ್ದೆವು. ಅಲ್ಲ, ಅವನನ್ನು ಹಡಗಿನಿಂದ ಓಡಿಸಿದ್ದರು. ಕ್ಯಾಬಿನ್ನಿನ ಬಾಗಿಲು ಭದ್ರ ಮಾಡಿಕೊಂಡು ಒಳಗೆ ಕೂತಿದ್ದ ಕಪ್ತಾನನಿಗೆ ಕೇಳಿಸಿದ್ದು ತಟ್ಟೆಯ ಸದ್ದು ಮಾತ್ರ.

ಆ ಜಗಲಿಯ ಮೇಲೆ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಇವನು ಪ್ರಾಮಾಣಿಕ, ಧೈರ್ಯಶಾಲಿ ಎಂದು ಓದಿಬಿಟ್ಟರೆ ಮದುವೆ ಕುದುರುತ್ತಿತ್ತು. ಬಾಯಿ ತೆರೆದೆ ಕೂಡ. ಹಡಗಣ್ಣ ನನ್ನ ಮುಖ ನೋಡಿದ.

"ಇದ್ದದ್ದು ಓದ್ರಿ ಮೇಷ್ಟ್ರೇ. ಬೊಂಬಾಯ್ನಾಗೆ ಇದನ್ನ ನನಗೆ ಓದಿ ಹೇಳ್ಯಾರ."

ಓದಿದೆ. ಒಂದೊಂದು ಮಾತಿಗೂ ಕನ್ನಡ ಹೇಳಿದೆ. ಗೌಡರು ಎಲೆ ಅಡಿಕೆ ಹಾಕಿಕೊಂಡು ಸುಮಾರು ಹೊತ್ತು ಅಗಿದರು. ಒಳಗಿನ ಬಾಗಿಲ ಹತ್ತಿರ ಹುಡುಗನ ನೆರಳು ಕದಲುತ್ತಿತ್ತು.

ಆಮೇಲೆ ಗೌಡರು ತಾವೂ ಒಂದು ತಪ್ಪೊಪ್ಪಿಕೊಂಡರು. ವಿಚಾರಣೆಗೆಂದು ಯಾರನ್ನೂ ಕಳಿಸಿರಲಿಲ್ಲವಂತೆ. ತಾವೇ ತಲೆಗೆ ವಸ್ತ್ರ ಸುತ್ತಿಕೊಂಡು ಮೂರು ಸಲ ಖಾನಾವಳಿಗೆ ಬಂದು ಉಂಡುಹೋಗಿದ್ದರು. ಹೆಣ್ಣು ನೋಡಲು ಬಂದ ದಿನ ಮಗನ ಜೊತೆ ಸೋದರಮಾವನನ್ನು ಕಳಿಸಿ, ತಾವು ಮುಖ ತೋರಿಸದೆ ಉಳಿದದ್ದು ಇದಕ್ಕಾಗಿಯೇ.

"ನಾನ್ಯಾರು ಅಂತ ನಿಮಗೆ ಗೊತ್ತಿರಲಿಲ್ಲ" ಎಂದರು.

"ಗೊತ್ತಿತ್ತು" ಎಂದ ಹಡಗಣ್ಣ. "ಹುಡುಗನ ಮೂಗು ನಿಮ್ಮದೇ ಐತಲ್ರಿ."

ಗೌಡರು ಮೂಗು ಮುಟ್ಟಿಕೊಂಡರು. ಅವರಿಗೆ ಅಲ್ಲಿ ಸಿಟ್ಟೇ ಬಂತು. "ಗೊತ್ತಿದ್ದ ಮ್ಯಾಲೆ ಬೀಗ ಅಂತ ಒಂದು ಚಮಚ ತುಪ್ಪ ಜಾಸ್ತಿ ಯಾಕ ಹಾಕ್ಲಿಲ್ಲ?"

"ನಮ್ಮಲ್ಲಿ ಎಲ್ಲಾರ್ಗೂ ಒಂದೇ ಚಮಚ ರೀ" ಎಂದ ಹಡಗಣ್ಣ. "ಅವತ್ತು ಆ ಏಳು ಮಂದಿಗೂ ಎರಡೆರಡೇ ಸೌಟು ಬೇಳೆ. ಒಬ್ಬ ಮೂರನೇದು ಕೇಳ್ದ. ಹಡಗಿನ ಮಂದಿಗೆ ಕಡಿಮಿ ಬೀಳತೈತೆ, ಇಲ್ಲ ಅಂದೆ."

"ಚಾಕು ಇತ್ತಲ್ಲ ಅವನತ್ರ?"

"ಇತ್ತು. ಉಣ್ಣುವಾಗ ತೊಡಿ ಮ್ಯಾಲೆ ಇಟ್ಕೊಂಡಿದ್ದ."

ಗೌಡರು ಎದ್ದು ಅಂಗಳಕ್ಕೆ ಹೋಗಿ ಎಲೆಯಡಿಕೆ ಉಗುಳಿ ಬಂದರು. ಬಂದವರೇ ಒಳಗೆ ಕೂಗಿ ಹೇಳಿದರು, ಬೀಗರು ಬಂದು ಎಷ್ಟು ಹೊತ್ತಾತು, ನೀರು ಸೈತ ಕೊಟ್ಟಿಲ್ಲ ಎಂದು. ಬಾಗಿಲ ಹಿಂದಿನ ನೆರಳು ತಾನೇ ತಂಬಿಗೆ ಹಿಡಿದು ಓಡಿಬಂತು. ಆ ಮನೆಯಲ್ಲಿ ಅಂದು ನಮಗೆ ಬಡಿಸಿದ ತುಪ್ಪಕ್ಕೆ ಲೆಕ್ಕವಿರಲಿಲ್ಲ. ಗೌಡರು ಸೇಡು ತೀರಿಸಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಕ್ಷಮೆ ಕೇಳಿದೆ. ಹಡಗಣ್ಣ ಕಿಟಕಿಯ ಕಂಬಿ ಹಿಡಿದು ನಕ್ಕ. "ನಿಮ್ಮ ಕತಿ ನಂದಕ್ಕಿಂತ ಚಲೋ ಐತೆ ಬಿಡ್ರಿ. ಆದ್ರೆ ಅದ್ರಾಗೆ ಯಾರೂ ಉಣ್ಣಂಗೇ ಇಲ್ಲ" ಎಂದ. ಅಷ್ಟು ಬಿಟ್ಟರೆ ಆ ವಿಷಯವನ್ನು ಅವನು ಮತ್ತೆಂದೂ ಎತ್ತಲಿಲ್ಲ. ನಾನೂ ಜಾಣನಂತೆ ಸುಮ್ಮನಾದೆ. ಗೌಡರ ಮುಂದೆ ಒಪ್ಪಿಕೊಂಡದ್ದನ್ನು ಕ್ಲಾಸಿನಲ್ಲಿ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಮಕ್ಕಳ ಮುಂದೆ ಮಾಸ್ತರು ಸುಳ್ಳುಗಾರನಾದರೆ ನಾಳೆ ಜಲಸಂಧಿಯನ್ನು ನಂಬುವವರು ಯಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಏಳೆಂಟು ವರ್ಷಗಳ ಮೇಲೆ, ಒಂದು ಮಧ್ಯಾಹ್ನ, ಕೊನೆಯ ಪಂಕ್ತಿಯವರು ಎದ್ದುಹೋದ ಬಳಿಕ ಹಡಗಣ್ಣ ತನಗೆಂದು ತಟ್ಟೆ ಹಾಕಿಕೊಂಡು ಕೂತವನು ಹಾಗೆಯೇ ಗೋಡೆಗೆ ಒರಗಿದನಂತೆ. ಸುದ್ದಿ ತಿಳಿದು ನಾನು ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಹೆಸರಿನಲ್ಲಿ ಊಟ ಹಾಕಿಸುವ ಗಣಾರಾಧನೆಯ ದಿನ ಅರ್ಧ ಊರೇ ಊಟಕ್ಕೆ ಬಂದಿತ್ತು. ಅಳಿಯ, ಅದೇ ಫಿಟ್ಟರ್, ಸೊಂಟಕ್ಕೆ ವಸ್ತ್ರ ಬಿಗಿದು ಬಡಿಸುತ್ತಿದ್ದ. ನನ್ನ ಪಕ್ಕದಲ್ಲಿ ಕೂತವನು ಆ ಒಂಬತ್ತನೆಯ ಕ್ಲಾಸಿನ ಹಿಂದಿನ ಬೆಂಚಿನವ, ಈಗ ಮಿಲ್ಲಿನಲ್ಲಿ ಗುಮಾಸ್ತ. ಎದುರು ಸಾಲಿನಲ್ಲಿ ಯಾರೋ ಕತ್ತಿ, ಗಂಜಿ, ಮೂವತ್ತು ಮಂದಿ ಎಂದು ಶುರುಮಾಡಿದ್ದರು. ನನಗೆ ತಡೆಯಲಾಗಲಿಲ್ಲ. ಅದೆಲ್ಲ ಸುಳ್ಳು, ನಾನು ಅಂದು ಕ್ಲಾಸಿನಲ್ಲಿ ಕಟ್ಟಿ ಹೇಳಿದ್ದು ಎಂದು ಪಕ್ಕದವನಿಗೆ ಹೇಳಿಬಿಟ್ಟೆ.

ಅವನಿಗೆ ಅಚ್ಚರಿಯಾಯಿತು. "ಇಲ್ಲ ಸಾರ್. ಮರುದಿನಾನೇ ನಾವು ಆರು ಮಂದಿ ಬಂದು ಹಡಗಣ್ಣನ್ನೇ ಕೇಳಿದ್ವಿ. ಮೇಷ್ಟ್ರು ಹೇಳಿದ್ದು ಖರೆನಾ ಅಂತ."

ಅವನೇನೆಂದ ಎಂದು ಕೇಳಿದೆ.

"ಮೊದ್ಲು ಉಣ್ರಿ ಅಂತ ತಟ್ಟಿ ಹಾಕ್ದ. ಆಮ್ಯಾಲೆ, ನಿಮ್ಮ ಮೇಷ್ಟ್ರು ಸುಳ್ಳು ಹೇಳಂಗಿಲ್ಲ, ಅವರು ಹೇಳಿದಂಗೇ ಆಗಿದ್ದು ಅಂದ. ಅದಕ್ಕೇ ನಾವು ಎಲ್ಲಾ ಕಡಿಗೂ ಹೇಳಿದ್ವಿ."

ಅಷ್ಟರಲ್ಲಿ ಅಳಿಯ ಅನ್ನದ ಬುಟ್ಟಿ ಹಿಡಿದು ನನ್ನ ಮುಂದೆ ಬಂದು ನಿಂತ. ಆಮೇಲೆ ನನಗೆ ಊಟ ಸೇರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಈ ಮನುಷ್ಯನ ವಿಷಯದಲ್ಲಿ ಇನ್ನೊಂದು ಸುಳ್ಳು ನನ್ನಿಂದಾಗದು. ಎರಡು ಸಲ ಅನ್ನ ಹಾಕಿಸಿಕೊಂಡೆ. ಅಳುತ್ತಲೇ ಉಂಡೆ.