ಬಾವಿಯ ಪ್ರಶ್ನೆ

ಪುತ್ತರಿ ಸುಗ್ಗಿಹಬ್ಬ ಕಳೆದ ಮೇಲಿನ ಭಾನುವಾರ, ಸಂಜೆ ನಾಲ್ಕು ಗಂಟೆ. ಸ್ಥಳ, ಮೂರ್ನಾಡಿನ ಮದುವೆ ಮಂಟಪ. ಹಾಜರಿದ್ದವರು: ಮದುಮಗಳು, ಅವಳ ಅಜ್ಜಿ, ಕುಟ್ಟದಿಂದ ಬಂದ ಮದುಮಗ, ಎರಡೂ ಕಡೆಯ ನೆಂಟರು, ಮತ್ತು ಹುಡುಗಿಯ ಕಡೆಯ ಅರುವನಾಗಿ ನಾನು. ಹಾಜರಿಲ್ಲದವರು: ಹುಡುಗನ ಕಡೆಯ ಅರುವ.

ಅರುವ ಎಂದರೆ ಮದುವೆಯಲ್ಲಿ ಒಂದು ಮನೆಯ ಪರವಾಗಿ ನಿಂತು ಮಾತಾಡುವ, ಆಪ್ತ ಮನೆತನದ ಹಿರಿಯ. ಹೆಣ್ಣನ್ನು ಕಳುಹಿಸುವ ಮುನ್ನ ಇಬ್ಬರು ಅರುವರು ದೀಪದ ಮುಂದೆ ಎದುರುಬದುರು ನಿಲ್ಲಬೇಕು. ಅವಳಿಗೆ ಗಂಡನ ಮನೆಯಲ್ಲಿ ಏನೇನು ಹಕ್ಕುಂಟು ಎಂದು ನಾನು ಕೇಳಬೇಕು, ಆತ ಒಪ್ಪಬೇಕು. ಆತನಿಲ್ಲದೆ ಮದುಮಗಳು ಹೊರಡುವಂತಿಲ್ಲ. ಟಿ.ವಿ. ಸುದ್ದಿಮನೆಯಲ್ಲಿ ಬೆಳೆದವನು ನಾನು. ಒಂದು ನಿಮಿಷ ತಡವೂ ತಡವೇ. ಹುಡುಕಲು ಹೊರಟೆ.

ಅಡುಗೆಮನೆಯ ಹಿಂದೆ, ಸೌದೆ ರಾಶಿಯ ಪಕ್ಕ ಆ ಅರುವರು ಕುಳಿತಿದ್ದರು.

“ನಾನು ನಿಲ್ಲೋದಿಲ್ಲ ಅಣ್ಣ. ಬೇರೆ ಯಾರನ್ನಾದರೂ ನಿಲ್ಲಿಸಲಿ.”

“ಯಾಕೆ? ಎಂತ ಆಯ್ತು?”

“ಎಂತ ಆಯ್ತು ಅಂತ ಕೇಳ್ತೀರಲ್ಲ ಮಾರಾಯ್ರೆ! ನಿಮ್ಮೆದುರು ಕೂತ ಮಂತ್ರಿಗಳೇ ಗಟಗಟ ನೀರು ಕುಡಿದದ್ದನ್ನು ಟಿ.ವಿ.ಯಲ್ಲಿ ನೋಡಿದವನು ನಾನು. ನನ್ನ ಅಪ್ಪ, ಅಜ್ಜ ಎಲ್ಲ ಆ ಮನೆಗೆ ಅರುವರಾಗಿ ನಿಂತವರು. ನಾನು ನಿಲ್ಲೋದು ಇದೇ ಮೊದಲು. ಈ ಜನರ ಎದುರು ತೊದಲಿದರೆ ಮೂರು ತಲೆಮಾರಿನ ಮಾನ ಹೋಯ್ತು.”

“ಇಲ್ಲಿ ಪ್ರಶ್ನೆಯೂ ಹಳೆಯದು, ಉತ್ತರವೂ ಹಳೆಯದು. ನೀವು ‘ಉಂಟು’ ಅಂದರೆ ಸಾಕು.”

“ನಡುವೆ ‘ಹಾಗಾದರೆ’ ಅನ್ನೋದಿಲ್ಲ ತಾನೆ?”

ನಗು ಬಂತು. ‘ಹಾಗಾದರೆ’ ನನ್ನ ಪದ. ಯಾರೇ ಉತ್ತರ ಕೊಡಲಿ, ಮುಂದಿನ ಪ್ರಶ್ನೆಗೆ ಅದೇ ಬಾಗಿಲು. ಮೂರ್ನಾಡಿನ ಮಕ್ಕಳೂ ಅದನ್ನು ಹೇಳಿ ನನ್ನನ್ನು ಅಣಕಿಸುತ್ತಿದ್ದರು.

“ಅನ್ನೋದಿಲ್ಲ. ಕಾವೇರಮ್ಮನ ಆಣೆ.”

ಅವರು ಎದ್ದು ತೊಟ್ಟ ನಿಲುವಂಗಿ ಕುಪ್ಯದ ಧೂಳು ಕೊಡವಿದರು. ಪೇಟ ನಾನೇ ಸರಿ ಮಾಡಿದೆ.

ಬೆಂಗಳೂರಿನ ಸ್ಟುಡಿಯೋದಲ್ಲಿ ಮೊದಲ ವರ್ಷ ನನಗೂ ಇದೇ ನಡುಕವಿತ್ತು. ಅತಿಥಿ ಬಾಯಿ ಮುಚ್ಚುವ ಮೊದಲೇ ಮುಂದಿನ ಪ್ರಶ್ನೆ ಎಸೆಯುತ್ತಿದ್ದೆ. ಹಿರಿಯ ಸಂಪಾದಕರೊಬ್ಬರು ಕರೆದು ಹೇಳಿದರು: ಉತ್ತರ ಮುಗಿದ ಮೇಲೆ ಸುಮ್ಮನಿರು, ಅವರ ಮುಖ ನೋಡು, ಮೌನವನ್ನು ಅವರೇ ತುಂಬುತ್ತಾರೆ. ಹಾಗೆಯೇ ಆಯಿತು. ಸಿದ್ಧಪಡಿಸಿಕೊಂಡ ಉತ್ತರ ಮೊದಲು ಬರುತ್ತದೆ, ಮನಸ್ಸಿನಲ್ಲಿದ್ದದ್ದು ಆಮೇಲೆ. ನನ್ನ ವೃತ್ತಿಯೆಲ್ಲ ಇಷ್ಟೇ. ಉಳಿದದ್ದು ಕೋಟು ಮತ್ತು ಪೌಡರು. ನಾನು ಕಲಿಸಿದ ಹುಡುಗಿಯರಲ್ಲಿ ಇಬ್ಬರು ಈಗಲೂ ಪರದೆಯ ಮೇಲೆ ಹಾಗೆ ಕಾಯುತ್ತಾರೆ. ಅವರ ಕಾರ್ಯಕ್ರಮ ಬಂದರೆ ಕಾಫಿ ಆರಿದರೂ ನಾನು ಏಳುವುದಿಲ್ಲ.

ದೀಪದ ಮುಂದೆ ನಿಂತೆವು. ಮನೆಯಲ್ಲಿ ನಮ್ಮ ಹುಡುಗಿಗೆ ಹಕ್ಕುಂಟೇ ಎಂದೆ. “ಉಂಟು” ಎಂದರು, ದನಿ ನಡುಗುತ್ತಿತ್ತು. ಗದ್ದೆಯಲ್ಲಿ? “ಉಂಟು.” ಕೊಟ್ಟಿಗೆಯಲ್ಲಿ? “ಉಂಟು.” ದನಿ ಗಟ್ಟಿಯಾಯಿತು. ಬಾವಿಯ ನೀರಿನಲ್ಲಿ?

“ಉಂಟು.”

ಅಲ್ಲಿ ನಾನು ಸುಮ್ಮನಾದೆ. ಬೇಕೆಂದು ಮಾಡಿದ್ದಲ್ಲ. ಎದುರಿಗೆ ಒಂದು ಮುಖ, ಮುಖದ ಮೇಲೆ ಬೆಳಕು, ಆಗಷ್ಟೇ ಮುಗಿದ ಉತ್ತರ. ಹಳೆಯ ಅಭ್ಯಾಸ ತಾನಾಗಿ ಬಂದು ಕುಳಿತಿತು.

“ಉಂಟು,” ಎಂದರು ಮತ್ತೊಮ್ಮೆ. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಹಣೆ ಒರೆಸಿಕೊಂಡರು.

“ಉಂಟು... ಆದರೆ ಬೇಸಿಗೆಯಲ್ಲಿ ಕಾಫಿಗೆ ಹೂಮಳೆ ಬೀಳುವವರೆಗೆ ನೀರು ಸ್ವಲ್ಪ ಆಳಕ್ಕೆ ಹೋಗ್ತದೆ. ಸೇದೋದು ಕಷ್ಟ. ಮೋಟರ್ ಹಾಕಿಸ್ತೇವೆ.”

ಕೊಟ್ಟ ಮಾತು ಮುರಿದೆನಲ್ಲ, ಈ ಮನುಷ್ಯನ ಮಾನ ಕಳೆದೆನಲ್ಲ ಎಂದುಕೊಂಡೆ. ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಕೆಂಪು ಮುಸುಕಿನೊಳಗಿಂದ ಮದುಮಗಳ ದನಿ ಬಂತು.

“ಹಾಗಾದರೆ ಮೋಟರ್ ಯಾವಾಗ, ಮಾವ?”

ನಗು ಛಾವಣಿಗೆ ಮುಟ್ಟಿತು. ಅವರೂ ನಕ್ಕರು. ಆಮೇಲೆ ಎದೆ ಸೆಟೆಸಿ, ಕೊನೆಯ ಸಾಲಿಗೂ ಕೇಳುವಂತೆ ಹೇಳಿದರು: “ಕಾಫಿ ಪಿಕ್ಕಿಂಗ್ ಮುಗಿದ ಕೂಡಲೇ! ಇಲ್ಲಾಂದ್ರೆ ನಾನೇ ಬಂದು ಸೇದಿ ಕೊಡ್ತೇನೆ! ನಿನ್ನ ಸ್ಕೂಟರ್‌ಗೆ ಶೆಡ್ಡೂ ಆಗ್ತದೆ. ನಿನ್ನ ಅತ್ತೆ ಮಾತು ಸ್ವಲ್ಪ ಜೋರು ಮಗಳೇ, ಮನಸ್ಸು ಬೆಣ್ಣೆ...”

“ಒಂದು ಬ್ರೇಕ್ ತಗೊಳ್ಳಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಆ ಅತ್ತೆಯೇ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಪದ್ಧತಿ ಕೆಟ್ಟಿತೇನೋ ಎಂದು ನಾನು ಅಜ್ಜಿಯ ಕಡೆ ನೋಡಿದೆ. ಅವರು ಕಣ್ಣೊರೆಸಿಕೊಂಡು ನಗುತ್ತಿದ್ದರು.

“ನನ್ನ ಮದುವೆಯಲ್ಲೂ ಹಕ್ಕುಂಟಾ ಅಂತ ಕೇಳಿದರು, ನೀರುಂಟಾ ಅಂತ ಒಬ್ಬನೂ ಕೇಳಲಿಲ್ಲ. ಸೇದಿ ಸೇದಿ ನನ್ನ ಕೈಯೇ ಹಗ್ಗ ಆಯ್ತು. ಮುಂದೆ ಕೇಳು, ನಿಲ್ಲಿಸಬೇಡ.”

ಉಳಿದ ಪ್ರಶ್ನೆಗಳನ್ನು ಕೇಳಿದೆ. ಒಂದಕ್ಕೂ ಅವರು ಬರೀ ‘ಉಂಟು’ ಎನ್ನಲಿಲ್ಲ.

ಕತ್ತಲಾಗುವ ಹೊತ್ತಿಗೆ ಕುಟ್ಟದ ಬಸ್ಸು ಸಿದ್ಧವಾಗಿತ್ತು. ಮದುಮಗಳು ಹತ್ತಿದಳು, ನೆಂಟರು ಹತ್ತಿದರು. ಹುಡುಗನ ಕಡೆಯ ಅರುವರು ಮಾತ್ರ ಬಾಗಿಲಲ್ಲಿ ನಿಂತು ನನ್ನ ಕೈ ಬಿಡಲಿಲ್ಲ.

“ನೀವು ಎಂತದೂ ಕೇಳಲೇ ಇಲ್ಲವಲ್ಲ ಅಣ್ಣ! ನಾನು ಸುಮ್ಮನೆ ಹೆದರಿದೆ. ಇಷ್ಟೇ ಆದರೆ ಆ ಮಂತ್ರಿಗಳು ಯಾಕೆ ನೀರು ಕುಡಿದರು?”

ನಾನು ಅವರ ಮುಖವನ್ನೇ ನೋಡುತ್ತ ಕಾದೆ. ಅವರು ಮೋಟರಿನ ಅಶ್ವಶಕ್ತಿಯ ವಿಷಯ ತೆಗೆದರು. ಡ್ರೈವರ್ ಹಾರ್ನ್ ಹೊಡೆದ. ಅವರನ್ನು ಹೆಗಲು ಹಿಡಿದು ಒಳಗೆ ಹತ್ತಿಸಿ, ಬಾಗಿಲು ಹಾಕಿ, ಬಸ್ಸಿನ ಮೈ ತಟ್ಟಿದೆ.