ಕೊನೆಯ ಸಾಲಿಗೂ ಕೇಳಬೇಕಾದ ಸದ್ದು

ಕಾಲೇಜಿನಲ್ಲಿ ಅವರಿಗೆ ಗುಡುಗು ಮೇಡಂ ಎಂದೇ ಹೆಸರು. ಪಾಠ ಮಾಡುತ್ತಿದ್ದುದು ಭಾಷೆ, ಜೀವ ಇಟ್ಟಿದ್ದು ನಾಟಕದ ಮೇಲೆ. ವಿದ್ಯಾರ್ಥಿಗಳ ತಂಡವನ್ನು ಇಪ್ಪತ್ತೆರಡು ವರ್ಷದಿಂದ ಕಟ್ಟಿ ನಡೆಸುತ್ತಿದ್ದರು. ತಾಲೀಮಿಗೆ ಮೊದಲು ಮೈದಾನಕ್ಕೆ ಐದು ಸುತ್ತು ಓಟ, ಆ ಏದುಸಿರಿನಲ್ಲೇ ಎರಡು ಪುಟ ಮಾತು ಒಪ್ಪಿಸಬೇಕು. “ಬೆವರೋಕೆ ಆಗ್ದೋರು ಮನೆಗ್ಹೋಗಿ ಟೀವಿ ನೋಡ್ರಪ್ಪ,” ಎನ್ನುತ್ತಿದ್ದರು.

ಆ ವರ್ಷ ಮುಖ್ಯ ಪಾತ್ರ ಸಿಕ್ಕಿದ್ದು ಎರಡನೇ ವರ್ಷದ ಒಬ್ಬ ಹುಡುಗಿಗೆ. ಕುಳ್ಳಗಿನ ಆಳು, ಕಂಚಿನ ಕಂಠ. ಗೆಳತಿಯರ ಬಾಯಲ್ಲಿ ಚಿನಕುರಳಿ. ಅವಳದು ತಾಯಿಯ ಪಾತ್ರ; ಗಣಿಯಲ್ಲಿ ಮಗ ಸತ್ತ ಸುದ್ದಿ ಕೇಳಿ ನಿಂತಲ್ಲೇ ಮಂಡಿಯೂರಿ ಕುಸಿಯುವ ದೃಶ್ಯ. ರಂಗದ ಹಲಗೆಯ ಮೇಲೆ ಮಂಡಿ ಬಡಿದ ಸದ್ದು ಕೊನೆಯ ಸಾಲಿಗೂ ಕೇಳಬೇಕೆಂದು ಮೇಡಂ ಹಟ.

ಮೊದಲ ವಾರ ಹುಡುಗಿ ಮಂಡಿಗೆ ಹಳೆ ಟವೆಲು ಸುತ್ತಿಕೊಂಡು ಬಂದಳು.

“ಬಿಚ್ಚು ಅದನ್ನ. ಸದ್ದೇ ಬರ್ತಿಲ್ಲ, ಬಟ್ಟೆ ಒಳಗೆ ಉಬ್ಬು ಬೇರೆ ಕಾಣತ್ತೆ.”

“ನೋಯತ್ತೆ ಮೇಡಂ.”

“ಮಗನ್ನ ಕಳ್ಕೊಂಡೋಳಿಗೆ ನೋಯಲ್ವಾ? ಇನ್ನೊಂದ್ಸಲ ಬೀಳು.”

ಹೀಗೆ ಒಂದೂವರೆ ತಿಂಗಳು ಬಿದ್ದಳು. ಪ್ರದರ್ಶನಕ್ಕೆ ನಾಲ್ಕು ದಿನವಿರುವಾಗ ಬಲಮಂಡಿ ಊದಿಕೊಂಡಿತು. ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದುದನ್ನು ಮೇಡಂ ಕಣ್ಣಾರೆ ಕಂಡರು. ಕಂಡೂ ಕಾಣದವರಂತೆ ಕೈಯಲ್ಲಿದ್ದ ಹಾಳೆ ತಿರುವಿದರು. ಆ ಪಾತ್ರಕ್ಕೆ ಬದಲಿ ಯಾರೂ ಇರಲಿಲ್ಲ, ನಾಟಕ ಸ್ಪರ್ಧೆಯ ಮೊದಲ ಬಹುಮಾನ ಮೂರು ವರ್ಷದಿಂದ ಕೈತಪ್ಪುತ್ತಿತ್ತು.

ಆ ಸಲ ಬಹುಮಾನ ಬಂತು. ಚಪ್ಪಾಳೆಯ ನಡುವೆ ಹುಡುಗಿ ಎದ್ದು ನಿಲ್ಲಲು ಇಬ್ಬರು ಕೈಕೊಡಬೇಕಾಯಿತು. ಅದೂ ಅಭಿನಯವೆಂದೇ ಜನ ತಿಳಿದರು.

ಏಳು ವರ್ಷ ಕಳೆದ ಮೇಲೆ ಮೇಡಂ ಒಂದು ಪಾದರಕ್ಷೆ ಅಂಗಡಿಗೆ ಹೋದರು. ಡಬ್ಬಿ ಹಿಡಿದು ಬಂದವಳು ಚಿನಕುರಳಿ! “ಮೇಡಂ!” ಎಂದು ಮುಖ ಅರಳಿಸಿದಳು. ಆದರೆ ಅವರ ಕಾಲಿಗೆ ಚಪ್ಪಲಿ ತೊಡಿಸಲು ಅವಳು ಕೆಳಗೆ ಕೂರಲಿಲ್ಲ, ಎತ್ತರದ ಸ್ಟೂಲು ಎಳೆದುಕೊಂಡಳು. ಗಲ್ಲಾದಿಂದ ಮಾಲೀಕ ಕೂಗಿದ, “ಕೆಳಗೆ ಕೂತು ಹಾಕಮ್ಮ, ಎಷ್ಟು ಸಲ ಹೇಳೋದು!”

“ಮಂಡಿ ಮಡಚೋಕಾಗಲ್ಲ ಮೇಡಂ, ಅಷ್ಟೇ,” ಎಂದು ಅವಳು ನಕ್ಕಳು. ಮೇಡಂಗೆ ನಗು ಬರಲಿಲ್ಲ. ತೊಟ್ಟ ಚಪ್ಪಲಿಯ ಅಳತೆ ಸರಿಯಿದೆಯೋ ಇಲ್ಲವೋ ಎಂದೂ ನೋಡದೆ ಕೊಂಡು ಹೊರಬಂದರು. ವಾರ ಕಳೆದ ಮೇಲೆ ಮತ್ತೆ ಅಂಗಡಿಗೆ ಹೋಗಿ, ಬೇಡವೆಂದರೂ ಬಿಡದೆ, ಅವಳನ್ನು ಮೂಳೆ ಡಾಕ್ಟರ ಹತ್ತಿರ ಕರೆದೊಯ್ದರು.

ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದರು. “ಅವತ್ತು ಊದಿದಾಗ್ಲೇ ಆರು ವಾರ ರೆಸ್ಟ್ ತಗೊಂಡಿದ್ರೆ ಇಷ್ಟಾಗ್ತಿರ್ಲಿಲ್ಲ. ಯಾರೂ ಹೇಳ್ಲಿಲ್ವಾ?”

“ನಾನೇ ಹಟ ಮಾಡಿ ಆಡ್ದೆ ಸರ್,” ಎಂದಳು ಹುಡುಗಿ.

“ಇಲ್ಲ ಡಾಕ್ಟ್ರೇ,” ಎಂದರು ಮೇಡಂ. “ಊದಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬೀಳಿಸ್ದೆ.”

ಹೊರಗೆ ಕಾರಿಡಾರಿನಲ್ಲಿ ಹುಡುಗಿ ಸಿಟ್ಟಿನಿಂದ ತಿರುಗಿದಳು. “ಯಾಕ್ ಹೇಳಿದ್ರಿ ಮೇಡಂ? ನನ್ನಿಷ್ಟಕ್ಕೆ, ನಾನಾಗೇ ಮಾಡಿದ್ದು ಅಂತ ಹೇಳ್ಕೊಳ್ಳೋಕೆ ಆ ಪಾತ್ರ ಒಂದೇ ಇತ್ತು ನನ್ಹತ್ರ. ಈಗ ಅದೂ ನೀವು ಮಾಡ್ಸಿದ್ದು ಅಂತಾಯ್ತು.”

ತಪ್ಪು ಒಪ್ಪಿಕೊಂಡು ಹಗುರಾದದ್ದು ತಾನೊಬ್ಬಳೇ ಎಂದು ಆಗ ಮೇಡಂಗೆ ಹೊಳೆಯಿತು. ಆ ಹಗುರವೂ ಉಳಿಯಲಿಲ್ಲ.

ವ್ಯಾಯಾಮ, ಬಿಸಿ ಶಾಖ ಎಂದು ನಾಲ್ಕು ತಿಂಗಳು ನಡೆಯಿತು. ಹುಡುಗಿ ಈಗ ಕಂಬಿ ಹಿಡಿಯದೆ ಮೆಟ್ಟಿಲು ಹತ್ತುತ್ತಾಳೆ, ಕೆಳಗೆ ಕೂರಲು ಮಾತ್ರ ಆಗುವುದಿಲ್ಲ. ಮೇಡಂ ಪ್ರತಿ ವಾರ ಜೊತೆಗೆ ಹೋದರು. ಮೇಡಂ ಕೇಳಿದ್ದಕ್ಕೆ ಅವಳು ಉತ್ತರ ಕೊಡುವಳು, ತಾನಾಗಿ ಏನೂ ಕೇಳಳು.

ತಂಡ ಇನ್ನೂ ನಡೆಯುತ್ತಿದೆ. ತಾಲೀಮಿನಲ್ಲಿ ಯಾರಾದರೂ ಮುಗ್ಗರಿಸಿದರೆ ಸಾಕು, ಮೇಡಂ ಧಡಕ್ಕನೆ ಎದ್ದು ಎಲ್ಲವನ್ನೂ ನಿಲ್ಲಿಸುತ್ತಾರೆ. ಮೇಡಂಗೆ ವಯಸ್ಸಾಯಿತೆಂದು ಹುಡುಗರು ಪಿಸುಗುಡುತ್ತಾರೆ. ಈ ವರ್ಷದ ನಾಟಕಕ್ಕೆ ಮುಂದಿನ ಸಾಲಿನ ಒಂದು ಕುರ್ಚಿಯನ್ನು ಮೇಡಂ ಅವಳಿಗಾಗಿ ಕಾದಿರಿಸಿದ್ದರು. ಅವಳು ಬರಲಿಲ್ಲ.